ಬುಡದ ಕೆಳಗಿನ ಮುದ್ದೆ: ಒಂದು ಫೈಕಸ್ ಬೋನ್ಸಾಯ್‌ನ ಬೇರು ರಿಪೇರಿ

ಎಲೆ ಹಳದಿಯಾಯಿತು ಅಂತ ನೀರು ಹಾಕಿದೆ. ಇನ್ನೂ ಹಳದಿಯಾಯಿತು. ಹಸಿವಾಗಿರಬೇಕು ಅಂತ ಗೊಬ್ಬರ ಹಾಕಿದೆ. ಎಲೆ ಉದುರತೊಡಗಿತು. ವರ್ಷಗಟ್ಟಲೆ ಮರ ಸಾಕಿದವನೇ ಹೀಗೆ ಮಾಡಿದರೆ ಹೊಸಬರ ಗತಿ ಏನು, ಅಲ್ವಾ? ಅದಕ್ಕೇ ಈ ರಿಪೇರಿಯ ಕಥೆಯನ್ನು ನನ್ನ ತಪ್ಪುಗಳ ಸಮೇತ ಬರೆದಿಡುತ್ತಿದ್ದೇನೆ.

ಮರ ಫೈಕಸ್ ಮೈಕ್ರೋಕಾರ್ಪ, ಆಲದ ಬಳಗದ್ದು. ಬುಡ 6 ಸೆಂ.ಮೀ. ದಪ್ಪ, ಎತ್ತರ 38 ಸೆಂ.ಮೀ. ನರ್ಸರಿಯಿಂದ ಬಂದು ಏಳು ವರ್ಷ ಆಗಿದೆ. ನಾಲ್ಕು ವರ್ಷದ ಹಿಂದೆ ಅದನ್ನು ಪ್ಲಾಸ್ಟಿಕ್ ಕುಂಡದಿಂದ ತೆಗೆದು ಚಂದದ ಅಂಡಾಕಾರದ ಬೋನ್ಸಾಯ್ ತಟ್ಟೆಗೆ ಇಳಿಸಿದ್ದೆ. ತಟ್ಟೆಯ ಒಳಗಿನ ಆಳ 6 ಸೆಂ.ಮೀ. ಆ ದಿನ ಸುತ್ತಲಿನ ಬೇರು ಸವರಿದೆ, ಅಡಿಯ ಬೇರು ಸವರಿದೆ, ಸುತ್ತ ಹೊಸ ಮಣ್ಣಿನ ಮಿಶ್ರಣ ತುಂಬಿ ಕೈತೊಳೆದುಕೊಂಡೆ. ಬುಡದ ನೇರ ಕೆಳಗಿದ್ದ ನರ್ಸರಿಯ ಜೇಡಿಮಣ್ಣನ್ನು ಮುಟ್ಟಲೇ ಇಲ್ಲ. ಬೇರಿಗೆ ನೋವಾದೀತು ಅನ್ನುವ ಕರುಣೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಸೋಮಾರಿತನ.

ಎರಡು ಕಡ್ಡಿ

ಮರವನ್ನು ತಟ್ಟೆಯಿಂದ ಬಿಡಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಎರಡು ಬಿದಿರು ಕಡ್ಡಿ ತಗೊಂಡೆ. ಒಂದನ್ನು ತಟ್ಟೆಯ ಅಂಚಿನಲ್ಲಿ ಚುಚ್ಚಿದೆ. ಇನ್ನೊಂದನ್ನು ಬುಡಕ್ಕೆ ಒತ್ತಿ, ಓರೆಯಾಗಿ, ಕಾಂಡದ ಅಡಿಗೆ ಹೋಗುವ ಹಾಗೆ ಇಳಿಸಿದೆ. ಚೆನ್ನಾಗಿ ನೀರು ಹಾಕಿ ನಾಲ್ಕು ದಿನ ಸುಮ್ನೆ ಬಿಟ್ಟೆ. ದಿನಕ್ಕೊಮ್ಮೆ ಕಡ್ಡಿ ಎಳೆದು ನೋಡುವುದು, ಮತ್ತೆ ಅದೇ ತೂತಿಗೆ ಹಾಕುವುದು, ಅಷ್ಟೇ ಕೆಲಸ.

ಅಂಚಿನ ಕಡ್ಡಿ ಎರಡನೇ ದಿನಕ್ಕೇ ಒಣಗಿತ್ತು. ಬುಡದ ಕಡ್ಡಿ ನಾಲ್ಕನೇ ದಿನವೂ ಕೆಸರು ಮೆತ್ತಿಕೊಂಡು ಬಂತು. ಮೂಗಿನ ಹತ್ತಿರ ಹಿಡಿದೆ. ಕೊಳೆತ ಮೊಟ್ಟೆಯ ವಾಸನೆ. ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಅದು. ಈ ವಾಸನೆ ಬಂದರೆ ಹೆಚ್ಚು ಯೋಚಿಸುವುದೇ ಬೇಡ. ಒಳಗೆ ಬೇರಿಗೆ ಉಸಿರಿಲ್ಲ.

ಏನಾಗಿತ್ತು ಅಂದರೆ, ನಾನು ಪ್ರತಿ ಸಲವೂ ಅಂಚಿನ ಒಣಗಿದ ಮಿಶ್ರಣ ನೋಡಿ ನೀರು ಹಾಕುತ್ತಿದ್ದೆ. ಮಧ್ಯದ ಮುದ್ದೆಗೆ ಒಣಗಲು ಒಂದು ದಿನವೂ ಸಿಗುತ್ತಿರಲಿಲ್ಲ. ಹೊರಗೆ ಬಾಯಾರಿಕೆ, ಒಳಗೆ ನೆರೆ. ಬೇರು ಬದುಕಿದ್ದು ನೀರನ್ನು ಒಳಗೆ ಬಿಟ್ಟುಕೊಳ್ಳಬೇಕಾದರೆ ಅದಕ್ಕೆ ಶಕ್ತಿ ಬೇಕು. ಶಕ್ತಿಗೆ ಆಮ್ಲಜನಕ ಬೇಕು. ಆಮ್ಲಜನಕ ಇಲ್ಲದ ಬೇರು ನೀರಿನಲ್ಲಿ ಮುಳುಗಿದ್ದರೂ ನೀರು ಕುಡಿಯುವುದಿಲ್ಲ. ಹಾಗಾಗಿಯೇ ನೀರು ಹೆಚ್ಚಾದ ಮರವೂ ಬಾಡಿದ ಹಾಗೆ ಕಾಣುತ್ತದೆ, ನಾವು ಮತ್ತೆ ನೀರು ಹಾಕುತ್ತೇವೆ.

ಸ್ಪಾಂಜ್ ಹೇಳಿದ್ದು

ತಟ್ಟೆಯಲ್ಲಿ ತೂತು ಇತ್ತು, ಅದರ ಮೇಲೆ ಜಲ್ಲಿಯ ಪದರವೂ ಇತ್ತು. ಆದರೂ ನೀರು ಯಾಕೆ ಇಳಿಯಲಿಲ್ಲ? ಇದನ್ನು ಅರ್ಥ ಮಾಡಿಕೊಳ್ಳಲು ಪಾತ್ರೆ ತೊಳೆಯುವ ಒಂದು ಸ್ಪಾಂಜ್ ಸಾಕು. ಅದನ್ನು ನೀರಿನಲ್ಲಿ ಅದ್ದಿ, ಚಪ್ಪಟೆಯಾಗಿ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದಕ್ಕೆ, ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ.

ಸ್ಪಾಂಜ್ ಅದೇ, ತೂತುಗಳೂ ಅವೇ. ಬದಲಾಗಿದ್ದು ಎತ್ತರ ಮಾತ್ರ. ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ. ಹಾಗಾಗಿ ಯಾವ ಕುಂಡದಲ್ಲೇ ಆಗಲಿ, ಹೆಚ್ಚುವರಿ ನೀರೆಲ್ಲ ಹರಿದುಹೋದ ಮೇಲೂ ತಳದಲ್ಲಿ ನೀರು ತುಂಬಿದ ಒಂದು ಪದರ ಉಳಿಯುತ್ತದೆ. ಅದು ಎಷ್ಟು ಎತ್ತರ ಅನ್ನುವುದನ್ನು ನಿರ್ಧರಿಸುವುದು ಕಣಗಳ ಗಾತ್ರ. ಕುಂಡದ ಆಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ ಸಣ್ಣದಾದಷ್ಟೂ ಪದರ ಎತ್ತರ. ಆಳದ ಕುಂಡದಲ್ಲಿ 5 ಸೆಂ.ಮೀ. ನೀರಿನ ಪದರವಿದ್ದರೂ ಮೇಲೆ ಬೇರಿಗೆ ಜಾಗ ಉಳಿಯುತ್ತದೆ. 6 ಸೆಂ.ಮೀ. ಆಳದ ತಟ್ಟೆಯಲ್ಲಿ ಏನು ಉಳಿಯುತ್ತದೆ? ತೋಟದ ಮಣ್ಣಿನಲ್ಲಿ ಆರಾಮಾಗಿದ್ದ ಗಿಡ ಅದೇ ಮಣ್ಣಿನ ಜೊತೆ ಬೋನ್ಸಾಯ್ ತಟ್ಟೆಗೆ ಬಂದರೆ ಸೊರಗುವುದು ಇದಕ್ಕೇ.

ಜಲ್ಲಿಯ ಪದರದ ಬಗ್ಗೆ ಒಂದು ಮಾತು. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಆಗುವುದು ಉಲ್ಟಾ. ಸಣ್ಣ ಕಣಗಳಲ್ಲಿ ಅಂಟಿಕೊಂಡ ನೀರು ದೊಡ್ಡ ಸಂದಿಗೆ ಇಳಿಯಲು ಒಪ್ಪುವುದಿಲ್ಲ. ಅದು ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಅಂದರೆ ಇರುವ 6 ಸೆಂ.ಮೀ.ನಲ್ಲಿ ಒಂದನ್ನು ಜಲ್ಲಿಗೆ ಕೊಟ್ಟು, ನೀರಿನ ಪದರವನ್ನು ನಾನೇ ಬೇರಿನ ಹತ್ತಿರಕ್ಕೆ ಏರಿಸಿದ್ದೆ.

ಜರಡಿ ಹಿಡಿದ ಎರಡು ದಿನ

ಮರ ಬಿಡಿಸುವ ಮೊದಲೇ ಹೊಸ ಮಿಶ್ರಣವೂ ಮರ ಕೂರಿಸುವ ಪೆಟ್ಟಿಗೆಯೂ ತಯಾರಿರಬೇಕು. ಬೇರು ಹೊರಗೆ ಒಣಗುತ್ತಿರುವಾಗ ಜರಡಿ ಹುಡುಕುತ್ತಾ ಓಡಾಡುವುದು ಒಳ್ಳೆಯದಲ್ಲ. ಇದು ಹಳೆಯ ಪಾಠ.

ಮಿಶ್ರಣ ಹೀಗೆ: ಇಟ್ಟಿಗೆ ಚೂರು ಎರಡು ಪಾಲು, ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಎರಡು ಪಾಲು, ಚೆನ್ನಾಗಿ ಕಳಿತ ಮರದ ತೊಗಟೆಯ ಚೂರು ಒಂದು ಪಾಲು. ಬೋನ್ಸಾಯ್‌ಗೆ ಬಳಸುವ ಜಪಾನಿನ ಅಕಡಾಮಾ ಮಣ್ಣು ಸಿಕ್ಕರೆ ಒಳ್ಳೆಯದೇ. ಅದಿಲ್ಲದೆ ಬೇರು ಬರುವುದಿಲ್ಲ ಅನ್ನುವುದು ಮಾತ್ರ ಸುಳ್ಳು. ಬೇರಿಗೆ ಬೇಕಾದದ್ದು ಗಟ್ಟಿಯಾಗಿ ಉಳಿಯುವ ಕಣ, ಕಣದ ಒಳಗೆ ಸ್ವಲ್ಪ ನೀರು, ಕಣಗಳ ನಡುವೆ ಗಾಳಿ. ಸರಿಯಾಗಿ ಸುಟ್ಟ ಇಟ್ಟಿಗೆ ಈ ಮೂರನ್ನೂ ಕೊಡುತ್ತದೆ. ಅರೆಬೆಂದ ಇಟ್ಟಿಗೆ ಬೇಡ, ಅದು ನೀರು ತಾಗಿ ತಾಗಿ ಕೆಸರಾಗುತ್ತದೆ. ಒಂದು ಚೂರನ್ನು ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ಬೆರಳಲ್ಲಿ ಹಿಸುಕಿ ನೋಡಿ, ಗೊತ್ತಾಗುತ್ತದೆ. ಸಿಮೆಂಟ್ ಅಂಟಿದ ಹಳೆ ಇಟ್ಟಿಗೆಯೂ ಬೇಡ. ಅದರ ಸುಣ್ಣದಿಂದ ಮಿಶ್ರಣ ಕ್ಷಾರವಾಗುತ್ತದೆ, ಎಲೆಗೆ ಕಬ್ಬಿಣದ ಅಂಶ ಸಿಗುವುದಿಲ್ಲ.

ಎರಡು ಜರಡಿ ಬಳಸಿದೆ. ಮೇಲಿನದರ ಕಣ್ಣು 6 ಮಿ.ಮೀ., ಕೆಳಗಿನದರದು 3 ಮಿ.ಮೀ. ಎರಡರ ನಡುವೆ ನಿಂತದ್ದೇ ನನಗೆ ಬೇಕಾದದ್ದು. ಮೇಲೆ ಉಳಿದದ್ದನ್ನು ಮತ್ತೆ ಕುಟ್ಟಿದೆ. ಕೆಳಗೆ ಬಿದ್ದ ಪುಡಿಯನ್ನು ಹೂಗಿಡಗಳ ಪಾತಿಗೆ ಸುರಿದೆ. ಒಂದು ಬಕೆಟ್ ಇಟ್ಟಿಗೆ ಕುಟ್ಟಿದರೆ ಅರ್ಧ ಬಕೆಟ್ ಕೂಡ ಕೈಗೆ ಹತ್ತಲಿಲ್ಲ. ಬೇಜಾರಿನ ಕೆಲಸ, ಧೂಳಿನ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಆದರೆ ಇಡೀ ರಿಪೇರಿಯಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ದೊಡ್ಡ ಕಣಗಳ ನಡುವಿನ ಸಂದಿಗೆ ಪುಡಿ ಇಳಿದು ಕೂತರೆ ಮತ್ತೆ ಕಥೆ ಮೊದಲಿನಂತೆಯೇ. ಜರಡಿ ಹಿಡಿದ ಚೂರನ್ನು ಎರಡು ಸಲ ತೊಳೆದೆ, ಮೊದಲ ನೀರು ರಕ್ತದಂತೆ ಕೆಂಪಾಗಿತ್ತು.

ಆಮೇಲೆ ಅಳತೆ. 500 ಮಿ.ಲೀ. ಹಿಡಿಯುವ ಪಾರದರ್ಶಕ ಡಬ್ಬದ ತಳಕ್ಕೆ ತೂತು ಕೊರೆದು ಟೇಪ್ ಅಂಟಿಸಿದೆ. ಒದ್ದೆ ಮಾಡಿಟ್ಟ ಮಿಶ್ರಣ ತುಂಬಿ, ಮೇಲೆ ನೀರು ಹೊಳೆಯುವವರೆಗೆ ನಿಧಾನವಾಗಿ ಸುರಿದೆ. ಟೇಪ್ ಕಿತ್ತು, ಇಳಿದ ನೀರನ್ನು ಅರ್ಧ ಗಂಟೆ ಹಿಡಿದೆ. 150 ಮಿ.ಲೀ. ಬಂತು. ಆ ನೀರಿದ್ದ ಜಾಗಕ್ಕೆ ಈಗ ಗಾಳಿ ಬಂದಿದೆ, ಅಂದರೆ ನೂರಕ್ಕೆ 30 ಪಾಲು ಗಾಳಿ. ಡಬ್ಬದ ತಳದಲ್ಲಿ ಬೆರಳಿನ ದಪ್ಪದಷ್ಟು ಮಾತ್ರ ನೀರು ಹೊಳೆಯುತ್ತಿತ್ತು. ಮುಂದೆ ಬುಡದ ಮುದ್ದೆ ಹೊರಬಂದ ಮೇಲೆ ಅದನ್ನೂ ಪುಡಿಮಾಡಿ ಇದೇ ಡಬ್ಬದಲ್ಲಿ ಅಳೆದೆ. ಇಳಿದದ್ದು 20 ಮಿ.ಲೀ. ನಾಲ್ಕು ವರ್ಷ ನನ್ನ ಮರ ಇದರಲ್ಲಿ ಉಸಿರಾಡಿತ್ತು.

ಪೆಟ್ಟಿಗೆ

ಬೇರು ಸರಿಯಾಗುವವರೆಗೆ ಚಂದದ ತಟ್ಟೆ ಬೇಡ ಅಂತ ತೀರ್ಮಾನಿಸಿದೆ. ಹಳೆ ಹಲಗೆಯಿಂದ ಒಂದು ಪೆಟ್ಟಿಗೆ ಹೊಡೆದೆ. ಒಳ ಅಳತೆ 34 × 28 ಸೆಂ.ಮೀ., ಆಳ 9 ಸೆಂ.ಮೀ. ತಳಕ್ಕೆ ಹಲಗೆ ಇಲ್ಲ. ಎರಡು ಅಡ್ಡಪಟ್ಟಿ, ಅವುಗಳ ಮೇಲೆ 3 ಮಿ.ಮೀ. ಕಣ್ಣಿನ ಗಟ್ಟಿ ಪ್ಲಾಸ್ಟಿಕ್ ಜಾಲರಿ. ನಾಲ್ಕು ಮೂಲೆಗೆ ಕಾಲು. ತಳದಿಂದಲೂ ಗಾಳಿ ಆಡಬೇಕು.

ಜಾಲರಿಗೆ ಇನ್ನೊಂದು ಕಾರಣವೂ ಇದೆ. ನುಣುಪು ಗೋಡೆಗೆ ತಾಗಿದ ಬೇರು ತಿರುಗಿ ಗೋಡೆಯ ಉದ್ದಕ್ಕೂ ಓಡುತ್ತದೆ, ಸುತ್ತು ಹಾಕುತ್ತದೆ. ಜಾಲರಿಯ ಹತ್ತಿರ ಬಂದ ಬೇರಿನ ತುದಿ ಗಾಳಿಗೆ ಒಣಗಿ ಅಲ್ಲೇ ನಿಲ್ಲುತ್ತದೆ. ತುದಿ ನಿಂತರೆ ಹಿಂದಿನಿಂದ ಕವಲು ಒಡೆಯುತ್ತದೆ. ಕೊಂಬೆಯ ಕುಡಿ ಚಿವುಟಿದರೆ ಪಕ್ಕದ ಚಿಗುರು ಬರುತ್ತದಲ್ಲ, ಹಾಗೆ. ಕತ್ತರಿ ಹಿಡಿಯದೆಯೇ ಬೇರು ಸವರಿದ ಲೆಕ್ಕ.

ಬುಡ ಬಿಚ್ಚಿದ ದಿನ

ಚಿಗುರು ಒಡೆಯುವ ಬೆಚ್ಚಗಿನ ದಿನಗಳಿಗೆ ಕಾದೆ. ಫೈಕಸ್‌ನಂಥ ಬಿಸಿ ನಾಡಿನ ಮರಕ್ಕೆ ಬೇರಿನ ಕೆಲಸ ಬೆಳೆಯುವ ಕಾಲದಲ್ಲೇ ಮಾಡಬೇಕು. ಚಳಿಯಲ್ಲಿ ಕತ್ತರಿಸಿದರೆ ಗಾಯ ಹಾಗೇ ಕೂತು ಕೊಳೆಯುತ್ತದೆ. ಎಲೆ ಉದುರಿಸುವ ಮರಗಳಿಗಾದರೆ ಮೊಗ್ಗು ಉಬ್ಬುವ ಹೊತ್ತು, ಎಲೆ ಬಿಚ್ಚುವ ಮುಂಚೆ.

ತಟ್ಟೆಯ ಅಂಚಿಗೆ ತೆಳು ಚಾಕು ಹಾಕಿ ಸುತ್ತ ಬಿಡಿಸಿ, ಕಟ್ಟಿದ್ದ ತಂತಿ ಕತ್ತರಿಸಿ, ಮರವನ್ನು ಮೇಲೆತ್ತಿದೆ. ಅಂಚಿನ ಬೇರು ನೋಡಿದಾಗ ಖುಷಿಯೇ ಆಯಿತು. ಕೆನೆ ಬಣ್ಣದ ತುದಿಗಳು, ಗಟ್ಟಿಯಾದ ಬೇರು. ನೋಡಿದ ಯಾರಾದರೂ ಮರ ಆರೋಗ್ಯವಾಗಿದೆ ಅನ್ನುತ್ತಿದ್ದರು. ತಿರುಗಿಸಿ ಹಾಕಿ, ಬೇರಿನ ಕೊಕ್ಕೆಯಿಂದ ಮಧ್ಯದಿಂದ ಹೊರಕ್ಕೆ ಬಾಚುತ್ತಾ ಹೋದೆ. ಎರಡು ಬೆರಳು ಒಳಗೆ ಹೋಗುತ್ತಲೇ ಬೂದು ಬಣ್ಣದ ಮುದ್ದೆ ಸಿಕ್ಕಿತು. ಎರಡು ಮುಷ್ಟಿಯಷ್ಟು ದೊಡ್ಡದು. ಕೊಕ್ಕೆ ಅದರೊಳಗೆ ಇಳಿಯಲೇ ಇಲ್ಲ, ಮೇಲೆ ಗೀರು ಎಳೆಯಿತು ಅಷ್ಟೇ.

ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಿದಿರು ಕಡ್ಡಿಯಿಂದ ಕೆದಕಿ, ಪೈಪಿನ ನೀರು ಬಿಟ್ಟು, ಮತ್ತೆ ನೆನೆಸಿ. ಒಂದೂವರೆ ಗಂಟೆ ಹಿಡಿಯಿತು. ಫೈಕಸ್ ಆದ್ದರಿಂದ ಬೇರನ್ನು ಪೂರ್ತಿ ಬರಿದು ಮಾಡುವ ಧೈರ್ಯ ಮಾಡಿದೆ. ಪೈನ್ ಅಥವಾ ಜುನಿಪರ್ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಅವಕ್ಕೆ ಈ ಸಲ ಅರ್ಧ ಭಾಗ, ಮರ ಚೇತರಿಸಿಕೊಂಡ ಮೇಲೆ ಇನ್ನೊಂದು ವರ್ಷ ಉಳಿದರ್ಧ. ಪೈನ್ ಬೇರಿನ ಸುತ್ತ ಕಾಣುವ ಬಿಳಿ ಬಲೆ ಅದಕ್ಕೆ ಬೇಕಾದ ಶಿಲೀಂಧ್ರ. ಬೂಷ್ಟು ಅಂತ ತಿಳಿದು ಅದನ್ನೆಲ್ಲ ತೊಳೆದು ಹಾಕಬಾರದು.

ಮುದ್ದೆ ಹೋದ ಮೇಲೆ ಕಂಡದ್ದು ಮೂರು ತೊಂದರೆ.

ಮೊದಲನೆಯದು ಕೊಳೆತ. ಬುಡದ ಕೆಳಗಿನ ಸಣ್ಣ ಬೇರೆಲ್ಲ ಕಂದು, ಮೆತ್ತಗೆ. ಬೆರಳಲ್ಲಿ ಎಳೆದರೆ ಹೊರಸಿಪ್ಪೆ ಕಾಲುಚೀಲದಂತೆ ಜಾರಿ ಬರುತ್ತಿತ್ತು, ಒಳಗೆ ದಾರದಂಥ ನಾರು ಮಾತ್ರ ಉಳಿಯುತ್ತಿತ್ತು. ಕೊಳೆತ ಬೇರಿಗೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಬಣ್ಣ ಒಂದನ್ನೇ ನಂಬಬೇಡಿ, ಹಳೆಯದಾದ ಆರೋಗ್ಯವಂತ ಬೇರೂ ಕಂದಾಗಿರುತ್ತದೆ. ಎಳೆದು ನೋಡಿ.

ಎರಡನೆಯದು ಒಂದು ಕುಣಿಕೆ. ನರ್ಸರಿಯ ಸಣ್ಣ ಕುಂಡದಲ್ಲಿದ್ದಾಗ ಸುತ್ತು ಹಾಕಿದ ಬೇರು ಈಗ ಪೆನ್ಸಿಲಿಗಿಂತ ದಪ್ಪ. ಬುಡದ ಮುಕ್ಕಾಲು ಸುತ್ತು ಬಂದು, ಇನ್ನೆರಡು ಒಳ್ಳೆಯ ಬೇರುಗಳ ಮೇಲೆ ಒತ್ತಿ ಕೂತಿತ್ತು. ಎರಡೂ ದಪ್ಪವಾಗುತ್ತಾ ಹೋದಂತೆ ಒಂದನ್ನೊಂದು ಹಿಸುಕುತ್ತವೆ. ಆ ಬದಿಯಲ್ಲಿ ಬುಡ ಯಾಕೆ ಅಗಲವಾಗುತ್ತಿಲ್ಲ ಅಂತ ನಾನು ವರ್ಷಗಳಿಂದ ತಲೆಕೆಡಿಸಿಕೊಂಡಿದ್ದೆ.

ಮೂರನೆಯದು ಎಡಬದಿ. ಅಲ್ಲಿ ಬೇರೇ ಇಲ್ಲ. ನುಣ್ಣಗೆ, ಬರೀ ತೊಗಟೆ.

ಕತ್ತರಿ

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಶುರುಮಾಡಿದೆ. ಕೊಳೆತದ್ದನ್ನು ಪೂರ್ತಿ ತೆಗೆದೆ, ಒಳಗೆ ಬಿಳಿ ಕಾಣುವವರೆಗೆ. ಅರ್ಧ ಕೊಳೆತದ್ದನ್ನು ಉಳಿಸುವುದು ದಯೆಯಲ್ಲ.

ಕುಣಿಕೆ ಬೇರಿನ ಹತ್ತಿರ ತುಂಬ ಹೊತ್ತು ಕೂತೆ. ಮರದ ಅತಿ ದಪ್ಪ ಬೇರು ಅದೇ. ಕತ್ತರಿಸಿದರೆ ಎಷ್ಟು ಹೋಗುತ್ತದೋ ಅಂತ ಅಳುಕು. ಕೊನೆಗೆ ಅದರ ಗುಟ್ಟು ಹುಡುಕಿದೆ: ಬುಡದಿಂದ ಹೊರಟು 2 ಸೆಂ.ಮೀ. ದೂರದಲ್ಲಿ, ತಿರುವಿನ ಸ್ವಲ್ಪ ಮುಂಚೆ, ಅದಕ್ಕೆ ಮೂರು ಸಣ್ಣ ಕವಲು ಇದ್ದವು. ಕವಲುಗಳ ಆಚೆಗೆ ಕತ್ತರಿಸಿದೆ. ಕವಲು ಉಳಿದರೆ ಮೋಟು ಬೇರೂ ಬದುಕುತ್ತದೆ. ಹಾಲು ಸುರಿಯಿತು, ನೀರು ಚಿಮುಕಿಸಿ ಒರೆಸಿದೆ, ಐದು ನಿಮಿಷಕ್ಕೆ ನಿಂತಿತು. ಕಡಿತದ ಮುಖ ಕೆಳಗೆ ನೋಡುವ ಹಾಗೆ ಓರೆಯಾಗಿರಲಿ, ಹೊಸ ಬೇರು ಆ ಅಂಚಿನಿಂದ ಬರುತ್ತದೆ, ಗಾಯ ಮೇಲಿನಿಂದ ಕಾಣುವುದಿಲ್ಲ.

ನೇರ ಕೆಳಗೆ ಹೋಗುವ ದಪ್ಪ ಬೇರುಗಳನ್ನು ಬುಡಕ್ಕೆ ಸಮನಾಗಿ ತೆಗೆದೆ. ತಾಯಿಬೇರು ಮರವನ್ನು ನೆಲದಲ್ಲಿ ನಿಲ್ಲಿಸುತ್ತದೆ. ಕುಂಡದಲ್ಲಿ ಆ ಕೆಲಸವನ್ನು ತಂತಿ ಮಾಡುತ್ತದೆ. ಅಲ್ಲಿ ನೀರು ಕುಡಿಯುವುದೆಲ್ಲ ಸಣ್ಣ ನಾರುಬೇರುಗಳ ತುದಿ ಮತ್ತು ಅದರ ಮೇಲಿನ ಕೂದಲಿನಂಥ ಎಳೆಗಳು. ದಪ್ಪ ಬೇರು ಜಾಗ ತಿನ್ನುತ್ತದೆ ಅಷ್ಟೇ.

ಉಳಿದ ಅಡ್ಡ ಬೇರುಗಳಲ್ಲಿ ಒಂದು ಉಪಾಯ. ದಪ್ಪಗಿರುವುದನ್ನು ಗಿಡ್ಡವಾಗಿ ಕತ್ತರಿಸಿದೆ, ಸಣ್ಣಗಿರುವುದನ್ನು ಉದ್ದಕ್ಕೆ ಬಿಟ್ಟೆ. ಓಡುವ ಬೇರು ದಪ್ಪವಾಗುತ್ತದೆ, ಕತ್ತರಿಸಿದ ಬೇರು ಕವಲೊಡೆಯುತ್ತಾ ನಿಧಾನವಾಗುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಸುತ್ತಲೂ ಬೇರಿನ ದಪ್ಪ ಹೆಚ್ಚುಕಡಿಮೆ ಸಮವಾಗುತ್ತದೆ. ಜಪಾನಿಯರು ನೆಬಾರಿ ಅನ್ನುವ, ಬುಡದಿಂದ ಕಿರಣಗಳಂತೆ ಹರಡಿದ ಬೇರಿನ ಚೆಲುವಿಗೆ ಇದೇ ಅಡಿಪಾಯ. ಒಟ್ಟಿನಲ್ಲಿ ಕೊಳೆತದ್ದೂ ಸೇರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೇರು ಹೋಯಿತು. ಫೈಕಸ್ ತಡೆಯುತ್ತದೆ. ಬೇರೆ ಮರಗಳಲ್ಲಿ ನಾನು ಮೂರನೇ ಒಂದು ಭಾಗ ದಾಟುವುದಿಲ್ಲ.

ಮೇಲಿನ ಕೊಂಬೆಗಳನ್ನೂ ಅಷ್ಟೇ ಸವರಬೇಕು, ಮೇಲೆ ಕೆಳಗೆ ಸಮ ಇರಬೇಕು ಅಂತ ಹೇಳುವವರಿದ್ದಾರೆ. ನಾನು ಉದ್ದಕ್ಕೆ ಚಾಚಿದ್ದ ನಾಲ್ಕು ಕುಡಿ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಹೊಸ ಬೇರಿಗೆ ಸಕ್ಕರೆ ಬರುವುದು ಎಲೆಯಿಂದ. ಬೇರು ಹೊರಡಲು ಹೇಳುವ ಆಕ್ಸಿನ್ ಎಂಬ ಹಾರ್ಮೋನ್ ಬರುವುದೂ ಎಳೆ ಕುಡಿಗಳಿಂದ. ಎಲೆ ಕಿತ್ತು ಬೇರು ಕೇಳಿದರೆ ಎಲ್ಲಿಂದ ತರುತ್ತದೆ?

ಎಡಬದಿಗೆ ಎರವಲು ಬೇರು

ಬೇರಿಲ್ಲದ ಬದಿಗೆ ಎರಡು ದಾರಿ. ಬುಡದ ಸುತ್ತ ತೊಗಟೆಯ ಉಂಗುರ ತೆಗೆದು ಹೊಸ ಬೇರು ಬರಿಸುವುದು, ಅಂದರೆ ನೆಲಮಟ್ಟದಲ್ಲಿ ಗೂಟಿ ಕಟ್ಟಿದ ಹಾಗೆ. ಇಲ್ಲವೇ ಬೇರಿನ ಕಸಿ. ಅರ್ಧಕ್ಕಿಂತ ಜಾಸ್ತಿ ಬೇರು ಕಳೆದುಕೊಂಡ ಮರಕ್ಕೆ ಉಂಗುರ ಹಾಕಲು ಮನಸ್ಸಾಗಲಿಲ್ಲ. ಕಸಿಗೆ ಹೊರಟೆ.

ಹಿಂದಿನ ವರ್ಷ ಇದೇ ಮರದಿಂದ ಸವರಿದ ಕಡ್ಡಿಗಳನ್ನು ನೆಟ್ಟಿದ್ದೆ, ಮೂರು ಚೆನ್ನಾಗಿ ಬೇರು ಬಿಟ್ಟಿದ್ದವು. ಕಡ್ಡಿಯ ದಪ್ಪಕ್ಕೆ ಸರಿಯಾಗಿ ಬುಡದಲ್ಲಿ ಮೂರು ಕಚ್ಚು ಕೊರೆದೆ. ಕಡ್ಡಿಯ ಒಂದು ಬದಿಯ ತೊಗಟೆ ಕೆತ್ತಿ, ತೊಗಟೆಯ ಕೆಳಗಿನ ಹಸಿ ಪದರಗಳು ಎರಡೂ ತಾಗುವ ಹಾಗೆ ಕೂರಿಸಿ, ಸಣ್ಣ ಮೊಳೆಯಿಂದ ಬಿಗಿದೆ. ಮೇಲೆ ಗಾಯದ ಪೇಸ್ಟ್. ಕಡ್ಡಿಗಳ ಎಲೆ ಕತ್ತರಿಸಲಿಲ್ಲ. ಕಸಿ ಹಿಡಿಯುವವರೆಗೆ ಅವು ತಮ್ಮ ಪಾಡಿಗೆ ಬೆಳೆಯಬೇಕು. ಮರದ ಬುಡಕ್ಕೆ ಮೂರು ಮರಿಗಳು ಒರಗಿ ನಿಂತ ಹಾಗೆ ಕಂಡಿತು.

ಕೂರಿಸಿದ್ದು

ಪೆಟ್ಟಿಗೆಯಲ್ಲಿ ಮಿಶ್ರಣದ ಒಂದು ಪದರ, ಅದರ ಮೇಲೆ ಬುಡದಷ್ಟು ಅಗಲದ ಚಪ್ಪಟೆ ಹಂಚು, ಹಂಚಿನ ಮೇಲೆ ಮರ. ಕೆಳಗೆ ಇಳಿಯಲು ದಾರಿ ಇಲ್ಲದ ಬೇರು ಅಡ್ಡಕ್ಕೆ ಹೊರಡುತ್ತದೆ. ಬೇರುಗಳನ್ನು ಕೈಯಿಂದ ಸುತ್ತ ಹರಡಿ, ಒಂದರ ಮೇಲೊಂದು ಬರದಂತೆ ಬಿಡಿಸಿ, ಮಿಶ್ರಣ ಸುರಿದೆ. ಬಿದಿರು ಕಡ್ಡಿಯಿಂದ ಅಲುಗಿಸುತ್ತಾ ಬೇರಿನ ಸಂದಿಗೆಲ್ಲ ಇಳಿಸಿದೆ. ಚುಚ್ಚಬಾರದು, ಅಲುಗಿಸಬೇಕು. ಚುಚ್ಚಿದರೆ ಕಣಗಳು ಒಡೆಯುತ್ತವೆ, ಬೇರೂ ಮುರಿಯುತ್ತದೆ. ಕೈಯಿಂದ ಒತ್ತಿ ಗಟ್ಟಿ ಮಾಡುವುದಂತೂ ಬೇಡವೇ ಬೇಡ.

ಜಾಲರಿಯಿಂದ ತಂತಿ ಮೇಲೆ ತಂದು ಎರಡು ಕಡೆ ಕಟ್ಟಿದೆ. ಎರಡು. ಇದನ್ನು ನೆನಪಿಟ್ಟುಕೊಳ್ಳಿ. ತಳದಿಂದ ಬರುವ ನೀರು ತಿಳಿಯಾಗುವವರೆಗೆ ನೀರು ಹಾಕಿ, ನೆರಳಿಗಿಟ್ಟೆ.

ಬೇರು ಬೇಗ ಬರಲಿ ಅಂತ ವಿಟಮಿನ್ ಬಿ1 ಹಾಕಿದೆಯಾ ಅಂತ ಒಬ್ಬ ಗೆಳೆಯ ಕೇಳಿದ. ಇಲ್ಲ. ಗಿಡ ಅದನ್ನು ತಾನೇ ಮಾಡಿಕೊಳ್ಳುತ್ತದೆ.

ಮೊದಲ ಎಂಟು ವಾರ

ಮೊದಲ ವಾರ ಎಲೆ ಇನ್ನೂ ಒಂದಷ್ಟು ಉದುರಿತು. ತೇವ ನೋಡುವ ಬಿದಿರು ಕಡ್ಡಿಯನ್ನು ಈಗ ಬುಡದ ಹತ್ತಿರವೇ ಚುಚ್ಚಿದೆ, ಅಂಚಿನಲ್ಲಿ ಅಲ್ಲ. ದಿನಕ್ಕೊಂದು ಸಲ ನೀರು, ಎರಡು ಸಲ ಎಲೆಗೆ ಸ್ಪ್ರೇ. ಇಂಥ ಮಿಶ್ರಣದಲ್ಲಿ ನೀರು ಜಾಸ್ತಿ ಸಲ ಹಾಕಬೇಕಾಗುತ್ತದೆ, ಅದೊಂದು ಖರ್ಚು ಇದೆ. ಎರಡು ದಿನ ಮರೆತು ಇರಬಲ್ಲವರು ತೊಗಟೆಯ ಪಾಲು ಸ್ವಲ್ಪ ಏರಿಸಿಕೊಳ್ಳಬೇಕು.

ಎರಡನೇ ವಾರದ ಕೊನೆಗೆ ಕುಡಿಯಲ್ಲಿ ಹೊಳಪು ಬಂತು. ಗೆದ್ದೆ ಅಂದುಕೊಂಡೆ. ಮೂರನೇ ವಾರ ಕುಡಿ ಮತ್ತೆ ನಿಂತಲ್ಲೇ ನಿಂತಿತು. ಕಾರಣ ಕಂಡುಹಿಡಿದದ್ದು ನಾನಲ್ಲ, ಅಕ್ಕ. ನೀರು ಹಾಕುತ್ತಿದ್ದವಳು ಕರೆದಳು: "ಬಾ ಇಲ್ಲಿ, ನಿನ್ನ ಮರ ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡ್ತಿದೆ ಕಣೋ." ಬೆರಳಿಂದ ತಳ್ಳಿದೆ. ನಿಜ. ಎಡಕ್ಕೆ ಬಲಕ್ಕೆ ಅಲ್ಲಾಡುತ್ತಿರಲಿಲ್ಲ, ಹಿಂದಕ್ಕೆ ಮುಂದಕ್ಕೆ ವಾಲುತ್ತಿತ್ತು. ಎರಡೇ ತಂತಿ ಕಟ್ಟಿದ್ದರ ಫಲ. ಗಾಳಿ ಬೀಸಿದಾಗಲೆಲ್ಲ ಮರ ತೂಗಿದೆ. ಆಗ ತಾನೇ ಹೊರಟ ಬಿಳಿ ಬೇರಿನ ತುದಿಗಳು ಇಟ್ಟಿಗೆ ಚೂರುಗಳ ನಡುವೆ ಕಿತ್ತುಹೋಗಿವೆ. ಮೇಲಿನ ಮಿಶ್ರಣ ಸರಿಸಿ ನೋಡಿದರೆ ಮುರಿದ ತುದಿಗಳು ಅಲ್ಲೇ ಕಂಡವು, ಆಗಲೇ ಕಂದಾಗಿದ್ದವು.

ಮರ ಎತ್ತದೆ, ಪೆಟ್ಟಿಗೆಯ ನಾಲ್ಕು ಬದಿಗೂ ಮೊಳೆ ಹೊಡೆದು, ಬುಡದಿಂದ ನಾಲ್ಕು ಕಡೆಗೆ ತಂತಿ ಎಳೆದು ಬಿಗಿದೆ. ತೊಗಟೆ ಕತ್ತರಿಸದಂತೆ ತಂತಿಯ ಅಡಿಗೆ ರಬ್ಬರ್ ತುಂಡು. ಈಗ ಕಾಂಡ ಹಿಡಿದು ಎತ್ತಿದರೆ ಪೆಟ್ಟಿಗೆಯೇ ಮೇಲೇಳುತ್ತಿತ್ತು. ಹಾಗಿರಬೇಕಿತ್ತು, ಮೊದಲ ದಿನವೇ. ಕೆಲಸವೆಲ್ಲ ಮುಗಿಸಿ ಸುಸ್ತಾದ ಹೊತ್ತಿಗೆ ಬರುವ ಕೊನೆಯ ಕೆಲಸ ಇದು, ಅದಕ್ಕೇ ಅರೆಬರೆ ಮಾಡುತ್ತೇವೆ.

ಐದನೇ ವಾರ ಕುಡಿ ಹೊರಟಿತು. ಆರನೇ ವಾರ ಎರಡು ಎಲೆ ಪೂರ್ತಿ ಬಿಚ್ಚಿದವು. ಅಲ್ಲಿಯವರೆಗೆ ಗೊಬ್ಬರದ ಡಬ್ಬ ಮುಚ್ಚಿಯೇ ಇತ್ತು. ಆಮೇಲೆ ವಾರಕ್ಕೊಮ್ಮೆ ದ್ರವ ಗೊಬ್ಬರ, ಪ್ಯಾಕೆಟ್ ಮೇಲೆ ಹೇಳಿದ್ದರ ಅರ್ಧ. ಇಟ್ಟಿಗೆ, ಪ್ಯೂಮಿಸ್ ಎರಡೂ ಗೊಬ್ಬರವನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಕೊಂಚ ಕೊಂಚ, ಆಗಾಗ. ಎಂಟನೇ ವಾರಕ್ಕೆ ಜಾಲರಿಯ ಅಡಿಯಿಂದ ಟಾರ್ಚ್ ಹಾಕಿ ನೋಡಿದೆ. ಮೂರು ಬಿಳಿ ಚುಕ್ಕೆ. ಅವತ್ತು ಮರವನ್ನು ಬಿಸಿಲಿಗೆ ಸರಿಸಿದೆ.

ಮೂರು ಕಸಿಯಲ್ಲಿ ಒಂದು ಈ ನಡುವೆ ಒಣಗಿತು. ಅದರ ಬೇರು ಮಿಶ್ರಣದ ಮೇಲ್ಮೈಗೆ ತುಂಬ ಹತ್ತಿರ ಉಳಿದಿತ್ತು, ಅಲ್ಲಿ ಅರ್ಧ ದಿನದಲ್ಲೇ ಒಣಗುತ್ತದೆ. ಉಳಿದೆರಡರ ಮೇಲೆ ಪಾಚಿಯ ತೆಳು ಹೊದಿಕೆ ಹಾಕಿದೆ. ಮೂರಕ್ಕೂ ಮೊದಲೇ ಹಾಕಬೇಕಿತ್ತು.

ಹದಿಮೂರು ತಿಂಗಳ ಮೇಲೆ

ಮತ್ತೆ ಬೆಚ್ಚಗಿನ ಕಾಲ. ಪೆಟ್ಟಿಗೆಯ ಒಂದು ಬದಿಯ ತಿರುಪು ಬಿಚ್ಚಿ ನೋಡಿದೆ. ಬದಿ ಬಿಚ್ಚುವ ಹಾಗೆ ಮಾಡಿದ್ದು ಪೆಟ್ಟಿಗೆಯಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ. ಬೇರು ಗೋಡೆಯವರೆಗೆ ಬಂದಿತ್ತು. ಹಲಗೆಯ ಬದಿಯಲ್ಲಿ ಒಂದೆರಡು ಸುತ್ತು ಶುರುವಾಗಿತ್ತು, ಜಾಲರಿಯ ತಳದಲ್ಲಿ ಒಂದೂ ಇಲ್ಲ. ಅಲ್ಲಿ ತುದಿಗಳೆಲ್ಲ ಜಾಲರಿಗೆ ತಾಗಿ ನಿಂತು, ಹಿಂದೆ ಪೊರಕೆಯಂತೆ ಕವಲೊಡೆದಿದ್ದವು. ಮುಂದಿನ ಪೆಟ್ಟಿಗೆಗೆ ಬದಿಗಳಿಗೂ ಜಾಲರಿಯೇ.

ಬುಡದ ಅಡಿಗೆ ಕೊಕ್ಕೆ ಹಾಕಿದೆ. ಸಲೀಸಾಗಿ ಇಳಿಯಿತು. ಚೂರುಗಳು ಉದುರಿದವು, ಹಿಂದೆ ಸಣ್ಣ ಕೆನೆ ಬಣ್ಣದ ಬೇರುಗಳ ಜಾಲ. ಮೂಗಿಗೆ ಹಿಡಿದೆ. ಮಳೆ ಬಿದ್ದ ಮಣ್ಣಿನ ವಾಸನೆ.

ಕುಣಿಕೆ ತೆಗೆದ ಬದಿಯಲ್ಲಿ ಬುಡ ಉಬ್ಬತೊಡಗಿದೆ. ಮೋಟು ಬೇರಿನ ಕಡಿತದಿಂದ ಏಳು ಹೊಸ ಬೇರು ಬೀಸಣಿಗೆಯಂತೆ ಹೊರಟಿವೆ. ಅದರಲ್ಲಿ ಮೂರನ್ನು ಉಳಿಸಿದೆ, ಒಂದೇ ಜಾಗದಿಂದ ಏಳು ಬಂದರೆ ಅಲ್ಲಿ ಗಂಟಾಗುತ್ತದೆ. ಬುಡದ ದಪ್ಪ 6ರಿಂದ 6.8 ಸೆಂ.ಮೀ. ಆಗಿದೆ.

ಎರಡು ಕಸಿಯೂ ಹಿಡಿದಿವೆ. ಒಂದರಲ್ಲಿ ಜೋಡಣೆಯ ಕೆಳಗಿನ ಭಾಗ ಮೇಲಿನದಕ್ಕಿಂತ ದಪ್ಪವಾಗಿದೆ, ಅಂದರೆ ಮರ ಅದಕ್ಕೆ ಊಟ ಕಳಿಸುತ್ತಿದೆ. ಅದರ ಕುಡಿಯನ್ನು ಜೋಡಣೆಗೆ ಸಮನಾಗಿ ಕತ್ತರಿಸಿದೆ. ಇನ್ನೊಂದರಲ್ಲಿ ಮೇಲೆ ಕೆಳಗೆ ಒಂದೇ ದಪ್ಪ. ಅದಕ್ಕೆ ಇನ್ನೊಂದು ವರ್ಷ ಕೊಟ್ಟಿದ್ದೇನೆ. ಎಡಬದಿಯ ಮಧ್ಯದಲ್ಲಿ ಒಣಗಿದ ಕಸಿಯ ಜಾಗ ಇನ್ನೂ ಖಾಲಿ, ಅಲ್ಲಿಗೆ ಹೊಸ ಕಡ್ಡಿ ಬೇರು ಬಿಡುತ್ತಿದೆ.

ಸುತ್ತು ಹೊರಟಿದ್ದ ಬೇರು ಕತ್ತರಿಸಿ, ಅಂಚಿಗೆ ಹೊಸ ಮಿಶ್ರಣ ತುಂಬಿ, ಮರವನ್ನು ಮತ್ತೆ ಅದೇ ಪೆಟ್ಟಿಗೆಯಲ್ಲಿ ಬಿಟ್ಟೆ. ನಾಲ್ಕು ತಂತಿ. ಅಂಡಾಕಾರದ ತಟ್ಟೆಯಲ್ಲಿ ಸದ್ಯಕ್ಕೆ ಜರಡಿ ಹಿಡಿದು ಉಳಿದ ಇಟ್ಟಿಗೆ ಚೂರು ತುಂಬಿಟ್ಟಿದ್ದೇನೆ.